ಐದು ಹಿಡಿ ಅಕ್ಕಿ ಮತ್ತು ಹದಿನಾಲ್ಕನೆಯ ಷರತ್ತು

ವಿಜಯನಗರ, ಬೆಂಗಳೂರು
ಭಾನುವಾರ, 10 ಫೆಬ್ರವರಿ 2008

ಸಂದರ್ಭ: ಕೈಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ, ಒಂದು. ನ್ಯೂಜಿಲೆಂಡಿಗೆ ಕಳಿಸಿದ್ದು ಡಿಸೆಂಬರ್ 12ರಂದು. ಅಲ್ಲಿನ ತಪಾಸಣೆಯ ಗೋದಾಮಿನಲ್ಲಿ ತಡೆದಿಟ್ಟಿದ್ದು ಡಿಸೆಂಬರ್ 22ರಂದು. ಇಂದಿಗೆ ಐವತ್ತು ದಿನ. ನಾವು ಏನನ್ನೂ ತಿಳಿಸದಿದ್ದರೆ ಫೆಬ್ರವರಿ 29ರಂದು ಸುಟ್ಟುಹಾಕುತ್ತಾರೆ.

ಗೆ,
ಮಾನ್ಯ ಹದಿನಾಲ್ಕನೆಯ ಷರತ್ತಿನವರು,
ವಿಮಾ ಪತ್ರದ ಹಿಂಬದಿ, ಎಡಗಡೆಯ ಸಾಲು, ಕೆಳಗಿನಿಂದ ಮೂರನೆಯವರು,
ಸುಭದ್ರಸಾಗರ ಸಾಗಣೆ ವಿಮಾ ಸಂಸ್ಥೆ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಆಶ್ರಯದಲ್ಲಿರುವ ಉಪಷರತ್ತು (ಅ), (ಆ), (ಇ) ಅವರಿಗೂ ನನ್ನ ಸವಿನಯ ವಂದನೆಗಳು. ಅಕ್ಷರ ಸಣ್ಣದಾದರೂ ತಮ್ಮದು ದೊಡ್ಡ ಮನೆತನವೆಂಬುದು ಈ ಐವತ್ತು ದಿನಗಳಲ್ಲಿ ನನಗೆ ಚೆನ್ನಾಗಿ ಮನವರಿಕೆಯಾಗಿದೆ. ಒಂದು ಷರತ್ತಿಗೇ ನೇರವಾಗಿ ಪತ್ರ ಬರೆಯುವುದು ವಾಡಿಕೆಯಲ್ಲವೆಂದು ಬಲ್ಲೆ. ಆದರೆ ತಮ್ಮ ಸಂಸ್ಥೆಯಿಂದ ಈವರೆಗೆ ಬಂದಿರುವ ಐದು ಪತ್ರಗಳಲ್ಲಿ ಒಂದಕ್ಕೂ ಸಹಿಯಿಲ್ಲ, ಐದರ ಕೊನೆಯಲ್ಲೂ ಇದು ಕಂಪ್ಯೂಟರಿನಿಂದ ತಯಾರಾದ ಪತ್ರ, ಸಹಿಯ ಅಗತ್ಯವಿಲ್ಲ ಎಂಬ ಒಂದೇ ಸಾಲಿದೆ, ಮತ್ತು ಐದರಲ್ಲೂ ತಪ್ಪದೆ ಹಾಜರಿರುವವರು ತಾವೊಬ್ಬರೇ. ಹೀಗಾಗಿ ಅಲ್ಲಿ ಯಾರಾದರೂ ಇದ್ದರೆ ಅದು ತಾವೇ ಇರಬೇಕೆಂದು ತೀರ್ಮಾನಿಸಿ, ತಮ್ಮ ಸಂಸ್ಥೆಯ ಅಂಚೆಪೆಟ್ಟಿಗೆಯ ಸಂಖ್ಯೆಗೆ ಒಂದು ಪ್ರತಿಯನ್ನೂ, ಆ ಪೆಟ್ಟಿಗೆಯನ್ನು ಯಾರಾದರೂ ತೆರೆಯುತ್ತಾರೋ ಇಲ್ಲವೋ ತಿಳಿಯದ ಕಾರಣ ಪತ್ರಿಕೆಯ ಓದುಗರ ಅಂಕಣಕ್ಕೆ ಇನ್ನೊಂದು ಪ್ರತಿಯನ್ನೂ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಿಕೊಳ್ಳುವುದು ಕ್ರಮ. ಹೆಸರು ಗಿರಿಜಾದೇವಿ. ವಿಜಯನಗರದ ಖಾಸಗಿ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ. ಬಿಡುವಿನಲ್ಲಿ ಬೇರೆ ದೇಶಗಳಿಂದ ಅನುವಾದವಾಗಿ ಬಂದ ಕಾದಂಬರಿಗಳನ್ನು ಓದುತ್ತೇನೆ. ಆದ್ದರಿಂದ ಒಂದು ಅರ್ಜಿಯನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುತ್ತಲೇ ಮುದುಕರಾಗುವ ಜನರು ನನಗೆ ಅಪರಿಚಿತರೇನಲ್ಲ, ಆದರೆ ಅವರೆಲ್ಲ ಹಿಮ ಬೀಳುವ ಊರಿನವರೆಂದು ಈವರೆಗೆ ಭಾವಿಸಿದ್ದೆ. ಎರಡು ವರ್ಷದಿಂದ ಸಂಜೆಯ ಹೊತ್ತು ಇನ್ನೊಂದು ಕೆಲಸವಿದೆ. ಬ್ಯಾಡರಹಳ್ಳಿಯಲ್ಲಿ ವಾಸವಾಗಿರುವ ಕಸ್ತೂರೆವ್ವನವರು ಹಾಕಿದ ಕಸೂತಿಯ ಚೀಲ, ದಿಂಬಿನ ಚೀಲ, ಗೋಡೆಗೆ ತೂಗುಹಾಕುವ ಬಟ್ಟೆ ಇವುಗಳ ಚಿತ್ರ ತೆಗೆದು, ಅಂತರಜಾಲದ ಮಾರಾಟದ ತಾಣವೊಂದರಲ್ಲಿ ಇಟ್ಟು, ಕೊಂಡವರಿಗೆ ಪಾರ್ಸೆಲ್ ಮಾಡಿ ಕಳಿಸುತ್ತೇನೆ. ಕಸ್ತೂರೆವ್ವನವರು ನವಲಗುಂದದ ಕಡೆಯವರು, ವಯಸ್ಸು ಅರವತ್ತಮೂರು. ಈ ಸೀರೆ ಅವರು ಹಾಕಿದ ಮೊದಲ ಪೂರ್ತಿ ಸೀರೆ. ಕಣ್ಣಿನ ಡಾಕ್ಟರು ಹೇಳುವಂತೆ ಕೊನೆಯದೂ ಹೌದು. ಕಪ್ಪು ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ, ಬರೀ ಎಳೆ ಎಣಿಸಿಕೊಂಡು ಹಾಕುವ ಕೆಲಸವನ್ನು ಇನ್ನು ಆ ಕಣ್ಣು ಮಾಡಲಾರದಂತೆ. ಇದನ್ನು ಮೊದಲೇ ತಿಳಿಸುತ್ತಿರುವುದು ತಮ್ಮ ಕರುಣೆ ಬೇಡುವುದಕ್ಕಲ್ಲ, ಕರುಣೆಗೆ ತಮ್ಮಲ್ಲಿ ಉಪಷರತ್ತಿಲ್ಲವೆಂದು ಗೊತ್ತಿದೆ. ಇಂಥ ಇನ್ನೊಂದು ಸೀರೆ ಬರುವುದಿಲ್ಲ ಎಂಬುದು ವಸ್ತುವಿನ ವಿವರದಲ್ಲಿ ಸೇರಬೇಕಾದ ಮಾತು ಎಂದಷ್ಟೇ.

ವಸ್ತುವಿನ ವಿವರ ಎಂದಾಗ ತಮ್ಮ ಪ್ರಸ್ತಾವನಾ ಪತ್ರದ ನೆನಪಾಗುತ್ತದೆ. ಅದರಲ್ಲಿ ತಯಾರಕರ ಹೆಸರು, ಮಾದರಿ ಸಂಖ್ಯೆ, ತಯಾರಾದ ವರ್ಷ ಎಂಬ ಮೂರು ಖಾನೆಗಳಿದ್ದವು. ತಯಾರಕರು ಕಸ್ತೂರೆವ್ವ ಎಂದೂ, ಮಾದರಿ ಸಂಖ್ಯೆಯ ಜಾಗದಲ್ಲಿ ಆನೆ ಅಂಬಾರಿ, ತುಳಸಿಕಟ್ಟೆ, ಗೋಪುರ, ನವಿಲು ಎಂದೂ, ತಯಾರಾದ ವರ್ಷ 2006 ಮತ್ತು 2007 ಎಂದೂ ಬರೆದೆ. ಒಂದು ವಸ್ತು ಎರಡು ವರ್ಷಗಳಲ್ಲಿ ತಯಾರಾಗುವಂತಿಲ್ಲ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ ಎಂದು ತಮ್ಮ ಕಂಪ್ಯೂಟರು ಫಾರಂ ಅನ್ನು ಹಿಂದಿರುಗಿಸಿತು. ಹದಿನಾಲ್ಕು ತಿಂಗಳ ಕೆಲಸದಲ್ಲಿ ಯಾವ ಭಾಗವನ್ನು ಬಿಡಬೇಕೆಂದು ಯೋಚಿಸಿ, ಕೊನೆಗೆ 2007 ಎಂದು ಬರೆದು, ಹಿಂದಿನ ವರ್ಷ ಹಾಕಿದ ಅಷ್ಟೂ ನವಿಲುಗಳನ್ನು ವಿಮೆಯ ಹೊರಗೆ ನಿಲ್ಲಿಸಿದೆ. ಖರೀದಿಯ ರಸೀದಿ ಕೇಳಿದಿರಿ; ರೇಷ್ಮೆ ದಾರದ ಅಂಗಡಿಯ ಚೀಟಿಯೊಂದೇ ನನ್ನ ಬಳಿ ಇದ್ದದ್ದು, ಅದನ್ನೇ ಲಗತ್ತಿಸಿದೆ. ಇಷ್ಟಾದರೂ ಸೀರೆಯ ಮೌಲ್ಯ ಮೂವತ್ತು ಸಾವಿರ ರೂಪಾಯಿ ಎಂದು ನಾನು ಬರೆದಾಗ ತಾವು ಒಂದು ಮಾತೂ ಆಡದೆ ಒಪ್ಪಿಕೊಂಡು, ಅದಕ್ಕೆ ತಕ್ಕ ಕಂತನ್ನು ಅಂದೇ ಸ್ವೀಕರಿಸಿದ ಔದಾರ್ಯವನ್ನು ನಾನು ಮರೆಯಲಾರೆ. ವಸ್ತುವಿನ ಮೌಲ್ಯದ ಬಗ್ಗೆ ನಮ್ಮಿಬ್ಬರ ನಡುವೆ ಪೂರ್ಣ ಸಹಮತವಿದ್ದ ದಿನ ಅದೊಂದೇ.

ಈಗ ತಪ್ಪಿನ ವಿಚಾರ. ತಪ್ಪು ನಮ್ಮ ಕಡೆಯದು, ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಸೀರೆಯನ್ನು ಕೊಂಡವರು ನ್ಯೂಜಿಲೆಂಡಿನ ಸಣ್ಣ ಊರೊಂದರಲ್ಲಿ ಹೊಲಿಗೆ ಕಲಿಸುವ ಶ್ರೀಮತಿ ಹೆಲೆನ್. ಏಪ್ರಿಲ್ 12ಕ್ಕೆ ಅವರ ಮಗಳ ಮದುವೆ, ಆ ಮಗಳಿಗೆ ಕೊಡಲು ಈ ಸೀರೆ. ಕಸ್ತೂರೆವ್ವನವರ ಕಡೆ ಮದುಮಗಳಿಗೆ ಕೊಡುವುದೂ ಈ ಕಪ್ಪು ಚಂದ್ರಕಾಳಿಯನ್ನೇ. ಈ ಮಾತನ್ನು ನಾನು ಕಸ್ತೂರೆವ್ವನವರಿಗೆ ಹೇಳಬಾರದಿತ್ತು. ಚೀಲ, ದಿಂಬಿನ ಚೀಲ ಹೋದಂತೆ ಸೀರೆಯೂ ಹೋಯಿತೆಂದು ಸುಮ್ಮನಿರಬೇಕಿತ್ತು. ಹೇಳಿದೆ. ಡಿಸೆಂಬರ್ 12ರ ಬೆಳಿಗ್ಗೆ ಬ್ಯಾಡರಹಳ್ಳಿಯ ಅವರ ಮನೆಯಲ್ಲಿ ಸೀರೆಯನ್ನು ಮಡಿಸಿ, ತೆಳುಗಾಗದ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮಂಚದ ಮೇಲೆ ಬಿಟ್ಟು, ಅಂಟುಪಟ್ಟಿ ಮುಗಿದಿತ್ತೆಂದು ಅಂಗಡಿಗೆ ಹೋದೆ. ಹೋಗಿಬರಲು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಕಸ್ತೂರೆವ್ವನವರು ಸೀರೆಯ ಮಡಿಕೆಯೊಳಗೆ ಐದು ಹಿಡಿ ಅಕ್ಕಿ, ಐದು ಅರಿಶಿನದ ಕೊಂಬು, ಐದು ಅಡಿಕೆ, ಐದು ಉತ್ತತ್ತಿ, ಒಂದು ಕೊಬ್ಬರಿ ಬಟ್ಟಲು, ಇವೆಲ್ಲದರ ಮೇಲೆ ಒಂದು ಕುಪ್ಪಸದ ಖಣ ಇಟ್ಟು, ಕಾಗದವನ್ನು ನಾನು ಸುತ್ತಿದ್ದಕ್ಕಿಂತ ಚೆನ್ನಾಗಿ ಸುತ್ತಿಟ್ಟಿದ್ದರು. ಅವರ ಕಡೆ ಇದನ್ನು ಉಡಿ ತುಂಬುವುದು ಎನ್ನುತ್ತಾರೆ. ಮದುವೆಯ ಹೆಣ್ಣಿಗೆ ಸೀರೆ ಕೊಡುವಾಗ ಉಡಿ ತುಂಬದೆ ಕೊಟ್ಟರೆ ಅದು ಕೊಟ್ಟಂತೆಯೇ ಅಲ್ಲ. ನಮ್ಮ ಕಡೆಯೂ ಮಡಿಲು ತುಂಬುವ ಕ್ರಮವಿದೆ, ನನ್ನ ಮಡಿಲೂ ತುಂಬಿದೆ, ನನಗೆ ಹೊಳೆಯಬೇಕಿತ್ತು. ನಾನು ಬಂದು, ಪೆಟ್ಟಿಗೆ ಮುಚ್ಚಿ, ಅಂಟುಪಟ್ಟಿ ಹಚ್ಚಿ, ಮೇಲಿನ ಚೀಟಿಯಲ್ಲಿ ನನ್ನ ಸ್ಪಷ್ಟವಾದ ಅಕ್ಷರದಲ್ಲಿ ಬರೆದೆ: ಒಳಗಿರುವ ವಸ್ತು, ಸೀರೆ, ಒಂದು.

ಇನ್ನೊಂದು ತಪ್ಪು ನನ್ನೊಬ್ಬಳದೇ. ಪೆಟ್ಟಿಗೆಯ ಸಮೇತ ಸೀರೆಯನ್ನು ಹಿಂದಿನ ದಿನವೇ ತೂಗಿಸಿದ್ದೆ: ಒಂದು ಕಿಲೋ ಐವತ್ತು ಗ್ರಾಂ. ಮಾರುತಿ ಮಂದಿರದ ಬಳಿಯ ಕೊರಿಯರ್ ಕೌಂಟರಿನಲ್ಲಿ ಪದ್ಮನಾಭ ಅವರ ತಕ್ಕಡಿ ಒಂದು ಕಿಲೋ ಆರುನೂರು ತೋರಿಸಿತು. ನನ್ನ ಲೆಕ್ಕ ಸಾಮಾನ್ಯವಾಗಿ ಐದು ಗ್ರಾಂ ಕೂಡ ತಪ್ಪುವುದಿಲ್ಲ. ಕೇಳಿದೆ. ಪದ್ಮನಾಭ ತಲೆಯೆತ್ತದೆ ಹೇಳಿದರು: “ಅದು ವಾಲ್ಯೂಮೆಟ್ರಿಕ್ ಮೇಡಂ. ಡಬ್ಬ ದೊಡ್ಡದಿದ್ರೆ ತೂಕ ಜಾಸ್ತಿ ತೋರ್ಸುತ್ತೆ. ನೀವ್ ತಲೆ ಕೆಡಿಸ್ಕೋಬೇಡಿ, ಎಲ್ಲಾ ಕಂಪ್ಯೂಟರ್ರೇ ಹಾಕೋದು.” ಆಮೇಲೆ, “ಒಳಗಡೆ ಸೀರೆ ಒಂದೇ ತಾನೇ? ಬ್ಯಾಟರಿ, ಎಣ್ಣೆ, ಉಪ್ಪಿನಕಾಯಿ ಏನೂ ಇಲ್ವಲ್ಲ?” ಎಂದು ಕೇಳಿದರು. ಉಪ್ಪಿನಕಾಯಿ ಎಂಬ ಮಾತಿನಿಂದ ನನಗೆ ಸ್ವಲ್ಪ ಅವಮಾನವೇ ಆಯಿತು. ಸೀರೆ ಒಂದೇ ಎಂದೆ. “ಹಂಗಾದ್ರೆ ಇನ್ಶೂರೆನ್ಸ್ ಒಂದು ಹಾಕ್ಸಿಬಿಟ್ಟಿದೀರಲ್ಲ, ಸೀರೆ ಸಮುದ್ರಕ್ಕೇ ಬಿದ್ರೂ ನಿಮ್ಗೇನ್ ಟೆನ್ಶನ್ ಇಲ್ಲ ಬಿಡಿ” ಎಂದು ಅವರು ಮುದ್ರೆ ಒತ್ತಿದರು. ಸಮುದ್ರಕ್ಕೆ ಬಿದ್ದಿದ್ದರೆ ನಿಜವಾಗಿಯೂ ಟೆನ್ಶನ್ ಇರುತ್ತಿರಲಿಲ್ಲ ಎಂಬುದು ಈಗ ತಮ್ಮ ಕೃಪೆಯಿಂದ ತಿಳಿದಿದೆ.

ಮುಂದಿನ ಹತ್ತು ದಿನ ಪಾರ್ಸೆಲ್ ಎಲ್ಲಿದೆಯೆಂದು ಸೈಬರ್ ಸೆಂಟರಿನಲ್ಲಿ ಕೂತು ನೋಡಿ ಬರುತ್ತಿದ್ದೆ, ಬಂದೊಡನೆ ಕಸ್ತೂರೆವ್ವನವರಿಂದ ಫೋನ್. “ಎಲ್ಲಿ ಮುಟ್ಟೈತ್ರೀ ಅಕ್ಕಾರ?” ಸಿಂಗಪುರ ಎಂದೆ. ಮರುದಿನವೂ ಸಿಂಗಪುರ. ಮೂರನೆಯ ದಿನವೂ ಸಿಂಗಪುರ ಎಂದಾಗ, “ಅಲ್ಲೇನ್ ಅದರ ಬೀಗರ ಮನಿ ಐತೇನ್ರೀ?” ಎಂದು ಕೇಳಿದರು. ಡಿಸೆಂಬರ್ 22ರಂದು ಗೋದಾಮಿನಿಂದ ನೋಟಿಸು ಬಂತು. ತರಬೇತಾದ ನಾಯಿಯೊಂದು ನಮ್ಮ ಪೆಟ್ಟಿಗೆಯ ಮುಂದೆ ಕೂತು ಏಳಲಿಲ್ಲವಂತೆ. ತೆರೆದು ನೋಡಿದಾಗ ಘೋಷಿಸದ ಬೀಜ, ಬೇರು, ಕಾಯಿ ಸಿಕ್ಕವೆಂದು ಪಟ್ಟಿ ಮಾಡಿದ್ದರು. ಅಕ್ಕಿಯ ಕಾಳುಗಳನ್ನು ಎಣಿಸದೆ ತೂಕ ಹಾಕಿದ್ದೊಂದನ್ನು ಬಿಟ್ಟರೆ ಆ ಪಟ್ಟಿಯಲ್ಲಿ ನನಗೆ ಕೊರತೆಯೇನೂ ಕಾಣಲಿಲ್ಲ. ಪರದೇಶದ ಗಿಡಮರ ಕಾಯುವುದು ಅವರ ಕರ್ತವ್ಯ, ಮಾಡಿದ್ದಾರೆ. ನಾಯಿಯ ಬಗ್ಗೆ ನನಗೆ ಗೌರವವಿದೆ, ಇಡೀ ಪ್ರಕರಣದಲ್ಲಿ ವಸ್ತುವಿನ ಹತ್ತಿರ ಬಂದು ನೋಡಿದ್ದು ಅದೊಂದೇ. ನೋಟಿಸು ಹಿಡಿದು ಬ್ಯಾಡರಹಳ್ಳಿಗೆ ಹೋಗಿ, ಅಕ್ಕಿ ಎಲ್ಲಿಂದ ಬಂತೆಂದು ಕೇಳಿದೆ. ಕಸ್ತೂರೆವ್ವನವರು ಅಡಗಿಸಲಿಲ್ಲ, ಅಂಜಲಿಲ್ಲ; ನನ್ನನ್ನೇ ವಿಚಿತ್ರವಾಗಿ ನೋಡಿದರು. “ಮದಿವಿ ಸೀರಿ ಬರೇ ಹಂಗ ಕಳಸೂದೇನ್ರೀ? ಹೆಣ್ಮಗಳ ಉಡಿ ಖಾಲಿ ಬಿಟ್ರ ಆ ತಾಯಿ ನಮ್ಮನ್ನ ಏನಂತ ತಿಳಿದಾಳು?” ಆಮೇಲೆ, “ನೀವು ಓದಿದವರು, ಮರತೀರಿ ಅಂತ ನಾನಽ ಹಾಕಿದೆ” ಎಂದರು. ತಮ್ಮ ಯಾವ ಉಪಷರತ್ತೂ ನನಗೆ ಅಷ್ಟು ಚುಚ್ಚಿಲ್ಲ.

ಉಡಿಯೆಂದರೆ ಏನೆಂದು ಗೋದಾಮಿಗೂ, ಶ್ರೀಮತಿ ಹೆಲೆನ್ ಅವರಿಗೂ, ತಮ್ಮ ಸಂಸ್ಥೆಗೂ ಇಂಗ್ಲಿಷಿನಲ್ಲಿ ವಿವರಿಸಿ ಬರೆದೆ. ಮೂರು ಪುಟವಾಯಿತು, ಅಡಿಟಿಪ್ಪಣಿಗಳಿಲ್ಲದೆ ಕೆಲವು ವಿಷಯಗಳು ಇನ್ನೊಂದು ಭಾಷೆಗೆ ದಾಟುವುದಿಲ್ಲವೆಂದು ಅನುವಾದಗಳನ್ನು ಓದುವವರಿಗೆಲ್ಲ ಗೊತ್ತು. ಗೋದಾಮಿನವರು ಅಕ್ಕಿ, ಅಡಿಕೆ, ಅರಿಶಿನವನ್ನು ಹೇಗೂ ನಾಶ ಮಾಡುತ್ತೇವೆ, ಅವುಗಳ ಜೊತೆಯಿದ್ದ ಬಟ್ಟೆಯನ್ನು ಒಳಗೆ ಬಿಡಲಾಗುವುದಿಲ್ಲ, ಹಿಂದಕ್ಕೆ ಕಳಿಸಬೇಕೋ ಸುಡಬೇಕೋ ತಿಳಿಸಿ ಎಂದು ಸಭ್ಯವಾಗಿ ಬರೆದರು. ಶ್ರೀಮತಿ ಹೆಲೆನ್ ಗೋದಾಮಿನವರೆಗೂ ಹೋಗಿ, ಗಾಜಿನಾಚೆಯಿಂದಾದರೂ ನೋಡಬಹುದೇ ಎಂದು ಕೇಳಿ, ಇಲ್ಲವೆನಿಸಿಕೊಂಡು ಬಂದರಂತೆ. ಅವರ ಪತ್ರದ ಒಂದು ವಾಕ್ಯವನ್ನು ನಾನೇ ಕನ್ನಡಕ್ಕೆ ತಂದಿದ್ದೇನೆ, ದೋಷವಿದ್ದರೆ ನನ್ನದು: ‘ಗುರುತಿಲ್ಲದ ಒಬ್ಬ ಹೆಂಗಸು ನನ್ನ ಮಗಳಿಗಾಗಿ ಅಷ್ಟು ದೂರದಿಂದ ಐದು ಹಿಡಿ ಅಕ್ಕಿ ಕಳಿಸಿದ್ದಳೆಂದು ಮದುವೆಯ ದಿನ ಎಲ್ಲರೆದುರು ಹೇಳುತ್ತೇನೆ, ಸೀರೆ ಬಂದರೂ ಸರಿ, ಬಾರದಿದ್ದರೂ ಸರಿ.’ ಇದನ್ನು ಓದಿ ಹೇಳಿದಾಗ ಕಸ್ತೂರೆವ್ವನವರು, “ತಿಳೀತ ನೋಡ್ರಿ ಆಕೀಗೆ” ಎಂದಷ್ಟೇ ಅಂದರು.

ತಮಗೆ ತಿಳಿಯಲಿಲ್ಲ. ತಮ್ಮ ಮೊದಲ ಉತ್ತರವನ್ನು ನಾನು ಚೌಕಟ್ಟು ಹಾಕಿಸಿ ಇಡಬೇಕೆಂದಿದ್ದೇನೆ. ವಸ್ತು ಕಳೆದುಹೋಗಿಲ್ಲ, ಏಕೆಂದರೆ ಅದು ಎಲ್ಲಿದೆಯೆಂದು ಗೊತ್ತಿದೆ; ಹಾಳಾಗಿಲ್ಲ, ಏಕೆಂದರೆ ಇನ್ನೂ ಸುಟ್ಟಿಲ್ಲ; ಆದ್ದರಿಂದ ಷರತ್ತು ಹದಿನಾಲ್ಕು (ಅ) ಪ್ರಕಾರ ನಷ್ಟವೇ ಸಂಭವಿಸಿಲ್ಲ. ಇಷ್ಟು ಶುಚಿಯಾದ ತರ್ಕವನ್ನು ನಾನು ಬಹಳ ಕಾಲದಿಂದ ಓದಿರಲಿಲ್ಲ. ಆ ಪತ್ರದ ಪ್ರಕಾರ, ಫೆಬ್ರವರಿ 29ರವರೆಗೆ ನಾವು ಏನನ್ನೂ ಕಳೆದುಕೊಳ್ಳದ ಸುಖಿಗಳು. ಇದು ಅಧಿಕ ವರ್ಷವಾದ್ದರಿಂದ ಆ ಸುಖ ಒಂದು ದಿನ ಹೆಚ್ಚಾಗಿ ಸಿಕ್ಕಿದೆ, ಅದಕ್ಕೂ ತಮಗೆ ಪ್ರತ್ಯೇಕ ಕಂತು ಕಟ್ಟಬೇಕಿದ್ದರೆ ದಯವಿಟ್ಟು ತಿಳಿಸಬೇಕು.

ಜನವರಿ 24ರಂದು ತಾವು ಸಮೀಕ್ಷಕರನ್ನು ಕಳಿಸಿದಿರಿ. ಚನ್ನವೀರೇಶ್ ಎಂಬ ತರುಣರು, ಗದಗದವರು. ಕಸ್ತೂರೆವ್ವನವರೂ ಅಂದು ನನ್ನ ಮನೆಗೇ ಬಂದಿದ್ದರು. ಚನ್ನವೀರೇಶ್ ಚಪ್ಪಲಿ ಬಿಟ್ಟು ಒಳಗೆ ಬಂದು, “ಐಟಂ ಎಲ್ಲಿದೆ ಮೇಡಂ?” ಎಂದು ಕೇಳಿದರು. ನ್ಯೂಜಿಲೆಂಡಿನಲ್ಲಿ ಎಂದೆ. “ಅದ್ ಗೊತ್ತು ಮೇಡಂ. ಆದ್ರೆ ನಾನ್ ಕಣ್ಣಾರೆ ನೋಡ್ದೆ ಅಂತ ಫಾರಂನಲ್ಲಿ ಬರೀಬೇಕು.” ಸೀರೆಯ ಫೋಟೋ ತೋರಿಸಿದೆ, ಕಣ್ಣಾರೆ ನೋಡಿ ಬರೆದುಕೊಂಡರು. ಆಮೇಲೆ ಘೋಷಿಸದ ವಸ್ತುಗಳನ್ನು ಹೇಗೆ ಇಡಲಾಗಿತ್ತೆಂದು ಪ್ರಾತ್ಯಕ್ಷಿಕೆ ಬೇಕೆಂದರು. ಕಸ್ತೂರೆವ್ವನವರು ನನ್ನ ಒಂದು ಹತ್ತಿ ಸೀರೆಯ ಮಡಿಕೆಯಲ್ಲಿ ನಮ್ಮ ಅಡುಗೆಮನೆಯ ಅಕ್ಕಿಯಿಂದ ಒಂದೊಂದೇ ಹಿಡಿ ಹಾಕಿ ತೋರಿಸುತ್ತ ಬಂದಂತೆ ಆ ತರುಣರ ಭಾಷೆಯೇ ಬದಲಾಯಿತು. “ನಮ್ಮವ್ವನೂ ಹಿಂಗಽ ತುಂಬ್ತಾಳ್ರೀ ಅವ್ವಾರ, ಆದ್ರ ಆಕಿ ಬೆಲ್ಲದ ಅಚ್ಚೂ ಇಡ್ತಾಳ.” ಕಸ್ತೂರೆವ್ವನವರು, “ಬೆಲ್ಲ ಕರಗತೈತಿ, ಸೀರಿ ಕೆಡತೈತಂತ ಬಿಟ್ಟೆ. ಅಷ್ಟು ತಿಳಿಯಂಗಿಲ್ಲೇನ ನನಗ?” ಎಂದರು. ಸಮೀಕ್ಷಕರು ಫಾರಂನ ಒಂದೊಂದೇ ಕಾಲಂ ಮೇಲೆ ಪೆನ್ನಿನ ತುದಿ ಆಡಿಸುತ್ತ ಹೋದರು. ಕೊನೆಗೆ ನನ್ನ ಕಡೆ ತಿರುಗಿ, “ಮೇಡಂ, ಘೋಷಿಸದ ವಸ್ತು ಅಂತ ಬರೆದ್ರೆ ಕ್ಲೇಮ್ ಇವತ್ತೇ ಸತ್ತೋಗುತ್ತೆ. ಉಡಿ ಅನ್ನೋ ಕಾಲಂ ಇಲ್ಲ. ಪ್ಯಾಕಿಂಗ್ ಮೆಟೀರಿಯಲ್ ಅಂತ ಹಾಕ್ತೀನಿ, ಸುಮ್ನಿರಿ” ಎಂದರು. ಕಸ್ತೂರೆವ್ವನವರಿಗೆ ಅಷ್ಟು ಇಂಗ್ಲಿಷ್ ತಿಳಿಯುತ್ತದೆ. “ಏನಪ್ಪಾ, ಉಡಿ ಅಂದ್ರ ಪ್ಯಾಕಿಂಗೇನು? ಊರಿಗೆ ಹೋದಾಗ ನಿಮ್ಮವ್ವನ ಮುಂದ ಹಿಂಗಽ ಹೇಳು ನೋಡೂಣು.” ಚನ್ನವೀರೇಶ್ ತಲೆ ತಗ್ಗಿಸಿ, “ಹೇಳಂಗಿಲ್ರೀ ಅವ್ವಾರ” ಎಂದು ಚಹಾ ಕುಡಿದು ಹೋದರು. ತಮ್ಮ ಸಂಸ್ಥೆಯಲ್ಲಿ ನಾನು ಕಂಡ ಏಕೈಕ ಮನುಷ್ಯರು ಅವರು. ಈ ಮಾತಿನಿಂದ ಅವರಿಗೆ ಕೆಡುಕಾಗುವುದಾದರೆ, ಅವರು ಬಹಳ ಕಠಿಣವಾಗಿ ನಡೆದುಕೊಂಡರೆಂದೇ ಬರೆದುಕೊಳ್ಳಬೇಕಾಗಿ ಪ್ರಾರ್ಥನೆ.

ಅವರ ವರದಿಯ ಫಲವಾಗಿ ತಾವು ಕಳಿಸಿದ ಎರಡು ಫಾರಂಗಳು ಈಗ ನನ್ನ ಮೇಜಿನ ಮೇಲಿವೆ. ಮೊದಲನೆಯದು ಉಪಷರತ್ತು (ಆ) ಅವರದು. ಸೀರೆಯನ್ನು ಸುಡಲು ನಮ್ಮ ಒಪ್ಪಿಗೆಯಿದೆಯೆಂದು ಕಸ್ತೂರೆವ್ವನವರೂ ನಾನೂ ಸಹಿ ಮಾಡಿದರೆ, ಅದು ಪೂರ್ಣ ನಷ್ಟವೆನಿಸಿ, ಮೂವತ್ತು ಸಾವಿರವೂ ಸಿಗುತ್ತದೆ. ಎರಡನೆಯದು ಉಪಷರತ್ತು (ಇ) ಅವರದು. ಸೀರೆ ವಾಪಸು ಬೇಕಿದ್ದರೆ ವಿಮೆ ಅಲ್ಲಿಗೆ ಮುಗಿಯುತ್ತದೆ, ಜೊತೆಗೆ ಇದು ಯಾವ ಬೆಲೆಯೂ ಇಲ್ಲದ, ಮಾರಾಟಕ್ಕೆ ಯೋಗ್ಯವಲ್ಲದ ಬಟ್ಟೆ ಎಂದು ಕಳಿಸಿದವರು ಸ್ವಂತ ಕೈಬರಹದಲ್ಲಿ ಬರೆದು, ತಯಾರಿಸಿದವರು ಅದರ ಕೆಳಗೆ ಸಹಿ ಹಾಕಬೇಕು. ಬೂದಿಯಾದರೆ ಮೂವತ್ತು ಸಾವಿರ, ಮನೆಗೆ ಬಂದರೆ ಸೊನ್ನೆ. ಒಂದೇ ವಸ್ತುವಿಗೆ ಇಂಥ ಎರಡು ಬೆಲೆಯನ್ನು ಒಂದೇ ಲಕೋಟೆಯಲ್ಲಿ ಕಳಿಸುವ ಧೈರ್ಯ ಚಿಕ್ಕಪೇಟೆಯ ಯಾವ ವ್ಯಾಪಾರಿಗೂ ಇರಲಾರದು.

ಈ ಹಂತದಲ್ಲಿ ನನ್ನ ಕೆಲವು ವಿನಂತಿಗಳನ್ನು ತಮ್ಮ ಪರಿಶೀಲನೆಗೆ ಒಪ್ಪಿಸುತ್ತಿದ್ದೇನೆ. ತಾವು ಒಮ್ಮೆ ತಮ್ಮ ಪುಟದಿಂದ ಇಳಿದು, ಮಾಗಡಿ ರಸ್ತೆಯ ಯಾವುದಾದರೂ ಬಸ್ಸು ಹತ್ತಿ, ಬ್ಯಾಡರಹಳ್ಳಿಗೆ ದಯಮಾಡಿಸಬೇಕು. ಬರುವಾಗ ತಮ್ಮ ತಯಾರಕರ ಹೆಸರು, ಮಾದರಿ ಸಂಖ್ಯೆ, ತಾವು ತಯಾರಾದ ವರ್ಷ, ಒಂದೇ ಒಂದು ವರ್ಷ, ಮತ್ತು ಖರೀದಿಯ ರಸೀದಿಯನ್ನು ತರಬೇಕು. ಕಸ್ತೂರೆವ್ವನವರು ತಮ್ಮನ್ನು ಎಳೆ ಎಣಿಸುವ ಭೂತಗನ್ನಡಿಯಲ್ಲಿ ನೋಡಲಿದ್ದಾರೆ. ತಮ್ಮನ್ನು ನಾನು ಮೊದಲ ಬಾರಿಗೆ ಓದಿದ್ದೂ ಅದೇ ಗಾಜಿನಲ್ಲಿ. ಆಮೇಲೆ ಅವರು ತಮಗೆ ಗಂಟಿ ಹೊಲಿಗೆಯನ್ನು ತೋರಿಸಲಿದ್ದಾರೆ. ಅದರಲ್ಲಿ ದಾರಕ್ಕೆ ಗಂಟು ಹಾಕಿಕೊಳ್ಳುವಂತಿಲ್ಲ, ಸೂಜಿ ಹೋದ ದಾರಿಯಲ್ಲೇ ತಿರುಗಿ ಬರಬೇಕು, ಕೊನೆಗೆ ಬಟ್ಟೆಯ ಮುಂಬದಿಯಲ್ಲಿ ಏನಿದೆಯೋ ಹಿಂಬದಿಯಲ್ಲೂ ಅದೇ ಇರಬೇಕು. ಮುಂಬದಿಯಲ್ಲಿ ಕೊಟ್ಟ ಆನೆಯನ್ನು ಹಿಂಬದಿಯಲ್ಲಿ ಕಿತ್ತುಕೊಂಡರೆ ಅವರ ಊರಿನಲ್ಲಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರಂತೆ. ತಮ್ಮ ವಿಮಾ ಪತ್ರವನ್ನೂ ಇನ್ನು ಮುಂದೆ ಈ ಹೊಲಿಗೆಯಲ್ಲಿ ತಯಾರಿಸಬಹುದೇ ಎಂದು ತಾವು ಮೇಲಿನವರಲ್ಲಿ ವಿಚಾರಿಸಬೇಕು. ಕಲಿಸಲು ಅವರು ಸಿದ್ಧರಿದ್ದಾರೆ. ಕಲಿಯಲು ಹದಿನಾಲ್ಕು ತಿಂಗಳು ಸಾಕು.

ನಿನ್ನೆ ಶನಿವಾರ ಎರಡೂ ಫಾರಂಗಳನ್ನು ಕನ್ನಡದಲ್ಲಿ ಓದಿ ಕಸ್ತೂರೆವ್ವನವರಿಗೆ ಹೇಳಿದೆ. ಮೊದಲನೆಯದನ್ನು ಎರಡು ಸಲ ಓದಿಸಿಕೊಂಡರು. “ಸುಟ್ರ ರೊಕ್ಕಾ ಕೊಡ್ತಾರ, ಸುಡದಿದ್ರ ಕೊಡಂಗಿಲ್ಲ. ಹಂಗಾದ್ರ ಅವರು ಸೀರಿಗೆ ಕೊಡಾಕತ್ತಿಲ್ಲ ಅಕ್ಕಾರ, ಬೂದಿಗೆ ಕೊಡಾಕತ್ತಾರ.” ಎರಡನೆಯದನ್ನು ಓದುವಾಗ ಬೆಲೆಯಿಲ್ಲದ ಬಟ್ಟೆ ಎಂಬ ಸಾಲಿಗೆ ಬಂದು ನಾನು ನಿಂತೆ. ಅದನ್ನು ನಾನು ಬರೆಯಲಾರೆ, ಬೇಕಿದ್ದರೆ ಇನ್ನೊಂದು ಅರ್ಜಿ ಹಾಕೋಣ ಎಂದೆ. ಅವರು ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ಸಮಾಧಾನ ಮಾಡುವವರಂತೆ ಹೇಳಿದರು: “ಬೆಲಿ ಇಲ್ಲಂತ ಬರದ್ರ ದಾರೇನು ಬಿಚ್ಚಿಕೊಂಡು ಹೊಕ್ಕಾವೇನ್ರೀ? ಬರೀರಿ. ಬುಡಕ ನಾ ಸಹಿ ಮಾಡ್ತೀನಿ. ಮೊದಲ ಮನಿಗಿ ಬರ್ಲಿ.” ಬಂದಮೇಲೆ ಏನು ಮಾಡುವುದೆಂದು ಕೇಳಿದೆ. ಮತ್ತೆ ಕಳಿಸುವುದು ಎಂದರು. ಮದುವೆಗೆ ಇನ್ನೂ ಎರಡು ತಿಂಗಳಿದೆಯಲ್ಲ. ಉಡಿಯ ಗತಿ? ಅದಕ್ಕೂ ಅವರಲ್ಲಿ ಉತ್ತರವಿತ್ತು, ಐವತ್ತು ದಿನ ಅವರು ಸುಮ್ಮನೆ ಕೂತಿರಲಿಲ್ಲ. “ಅಕ್ಕಿ ಕಾಳಂದ್ರ ಎಷ್ಟ್ ದೊಡ್ಡದ್ರೀ, ಮೂರ್ ಎಳಿ. ಸೆರಗಿನ ಮೂಲ್ಯಾಗ ದಾರದಾಗಽ ಐದ್ ಕಾಳು ಹಾಕ್ತೀನಿ, ಒಂದ್ ಅರಿಷಿಣ ಕೊಂಬು, ಒಂದ್ ಅಡಿಕಿ, ಅರ್ಧ ಕೊಬ್ಬರಿ. ಅಷ್ಟಕ್ಕ ಇನ್ನೂ ಕಣ್ಣದಾವು ನನಗ. ಯಾವ್ ನಾಯಿ ಮೂಸ್ತೈತಿ ನೋಡೇ ಬಿಡೂಣು.”

ಆದ್ದರಿಂದ ತಮ್ಮ ಅವಗಾಹನೆಗೆ ತಿಳಿಸುವುದೇನೆಂದರೆ, ಉಪಷರತ್ತು (ಆ) ಅವರ ಫಾರಂ ಅನ್ನು ಖಾಲಿಯಾಗಿಯೇ ಹಿಂದಿರುಗಿಸುತ್ತಿದ್ದೇವೆ. (ಇ) ಅವರದನ್ನು ತುಂಬಿ, ನಾಳೆ ಸೋಮವಾರ ಪದ್ಮನಾಭ ಅವರ ಕೌಂಟರಿನಿಂದ ಗೋದಾಮಿಗೂ ತಮಗೂ ಫ್ಯಾಕ್ಸ್ ಮಾಡುವುದೆಂದು ತೀರ್ಮಾನವಾಗಿದೆ. ಸೀರೆ ಎರಡನೆಯ ಸಲ ಹೊರಡುವಾಗ ವಿಮೆಯಿಲ್ಲದೆ ಹೊರಡುತ್ತದೆ. ಒಳಗಿರುವ ವಸ್ತುವಿನ ಚೀಟಿಯಲ್ಲಿ ಸೀರೆ ಒಂದು ಎಂದು ಬರೆದು, ಅದರ ಕೆಳಗೆ, ಉಡಿ, ದಾರದ್ದು ಎಂದು ಸೇರಿಸಬೇಕೆಂದು ಕಸ್ತೂರೆವ್ವನವರ ಅಪ್ಪಣೆಯಾಗಿದೆ. ಸದ್ಯಕ್ಕೆ (ಇ) ಅವರ ಫಾರಂ ನನ್ನೆದುರು ಇದೆ. ಕೆಳಗೆ ಕಸ್ತೂರೆವ್ವನವರ ಸಹಿ ನಿನ್ನೆಯೇ ಬಿದ್ದಿದೆ, ದುಂಡಗೆ, ಸಾಲಿಗೆ ಸರಿಯಾಗಿ. ಮೇಲಿನ ಒಂದು ವಾಕ್ಯವನ್ನು ನಾನು ಬರೆಯಬೇಕಿದೆ. ಇನ್ನೂ ಬರೆದಿಲ್ಲ.

ಸೀರೆ ಮನೆ ಸೇರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಗಿರಿಜಾದೇವಿ

ತಾ.ಕ.: ಲಕೋಟೆಯನ್ನು ಬರಿದಾಗಿ ಕಳಿಸಲು ಕಸ್ತೂರೆವ್ವನವರು ಒಪ್ಪಲಿಲ್ಲ. ಆದ್ದರಿಂದ ಈ ಬಾರಿ ಎಲ್ಲವನ್ನೂ ಮೊದಲೇ ಘೋಷಿಸುತ್ತಿದ್ದೇನೆ: ಪತ್ರ ಒಂದು, ಖಾಲಿ ಫಾರಂ ಒಂದು, ಅಕ್ಕಿ ಕಾಳು ಐದು, ಅರಿಶಿನದ ಕೊಂಬು ಒಂದು. ಇವು ಪ್ಯಾಕಿಂಗ್ ಸಾಮಗ್ರಿಯಲ್ಲ. ಲಕೋಟೆಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ, ಸ್ವೀಕೃತಿಯ ಚೀಟಿ ಹಚ್ಚಿ ಕಳಿಸಲಿದ್ದೇನೆ. ಆ ಚೀಟಿಗೆ ಒಬ್ಬ ಮನುಷ್ಯರು ಪೆನ್ನು ಹಿಡಿದು ಸಹಿ ಹಾಕಲೇಬೇಕೆಂದು ಅಂಚೆಯಣ್ಣ ಹೇಳಿದ್ದಾರೆ. ತಮ್ಮ ಸಂಸ್ಥೆಯಲ್ಲಿ ಅಂಥವರನ್ನು ಹುಡುಕಲು ತಡವಾಗುವುದಾದರೆ ಅವಸರವಿಲ್ಲ, ಫೆಬ್ರವರಿ 29ರವರೆಗೆ ಸಮಯವಿದೆ.